‘ಸೆಟ್’ ಎಂಬ ಪುಟ್ಟ ಮಾತು

ಇಂಗ್ಲಿಷ್ ಕಲಿಯಹೊರಟವರಿಗೆ ಆ ಭಾಷೆಯ ಉದ್ದುದ್ದ ಮಾತುಗಳನ್ನು ಕಂಡರೆ ಭಯ. ಅದು ಅನಗತ್ಯವಾದ ಭಯವೆಂದು ನನ್ನ ಎಣಿಕೆ. ‘ಥರ್ಮಾಮೀಟರ್’ ಎಂಬ ಮಾತು ಉದ್ದವಾಗಿದೆಯೆಂಬುದೇನೋ ನಿಜ. ಆದರೆ ಒಮ್ಮೆ ಕಲಿತರೆ ಮುಗಿಯಿತು. ಅದು ಇಂದು ಜ್ವರ ಅಳೆಯುವ ಸಾಧನವಾಗಿದ್ದು ನಾಳೆ ಬೇರೇನೋ ಆಗಿಬಿಡುವುದಿಲ್ಲ. ದೊಡ್ಡ ಮಾತುಗಳು ದೊಡ್ಡ ಅಧಿಕಾರಿಗಳ ಹಾಗೆ. ಒಂದೇ ಉದ್ಯೋಗವನ್ನು ಹಿಡಿದು ಗಂಭೀರವಾಗಿ ಕುಳಿತಿರುತ್ತವೆ. ಕಷ್ಟ ಕೊಡುವುವು ಚಿಕ್ಕವು. ‘ಗೆಟ್’, ‘ಪುಟ್’, ‘ರನ್’, ‘ಸೆಟ್’ ಮೊದಲಾದ ಈ ಮೂರಕ್ಷರದ ಮಾತುಗಳು ಕೂಡುಕುಟುಂಬದ ಮನೆಯಲ್ಲಿರುವ ಹುಡುಗನಂತೆ ಯಾರು ಕರೆದರೂ ಓಡಿಹೋಗುತ್ತವೆ, ಯಾವ ಕೆಲಸ ಹೇಳಿದರೂ ಮಾಡುತ್ತವೆ. ಹೀಗಾಗಿ ಅವುಗಳ ಕೆಲಸ ಇಂಥದೇ ಎಂದು ಹೇಳುವುದು ಯಾರಿಂದಲೂ ಆಗದು.

ಇವುಗಳಲ್ಲಿ ‘ಸೆಟ್’ ಎಂಬುದೊಂದನ್ನು ಮಾತ್ರ ಈ ಹೊತ್ತು ತೆಗೆದುಕೊಳ್ಳೋಣ. ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಹೊರಬಂದಾಗ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗವನ್ನು ಹಿಡಿದಿದ್ದ ಮಾತು ಇದೇ. ಕ್ರಿಯಾಪದವಾಗಿ ಇದಕ್ಕೆ ಸುಮಾರು 430 ಅರ್ಥಗಳು. ವಿವರಣೆ, ಪ್ರಯೋಗಗಳೆಲ್ಲ ಸೇರಿ ಸುಮಾರು 60,000 ಪದಗಳು. ಒಂದು ಕಾದಂಬರಿಯಷ್ಟು ಎನ್ನಿ. ಆಮೇಲೆ ನಿಘಂಟಿನ ಪರಿಷ್ಕರಣ ಮುಂದುವರಿದಂತೆ ‘ರನ್’ ಎಂಬುದು 645 ಅರ್ಥಗಳೊಡನೆ ಮೊದಲ ಸ್ಥಾನಕ್ಕೆ ಬಂದಿತು. ಓಡುವ ಮಾತು ಕೂತಿರುವ ಮಾತನ್ನು ಹಿಂದೆ ಹಾಕಿದರೆ ಆಶ್ಚರ್ಯವೇನು?

ಕೂತಿರುವ ಮಾತು ಎಂದೆ. ಅದು ಬರಿಯ ಚಮತ್ಕಾರವಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕೂರು. ‘ಸೆಟ್ಟನ್’ ಎಂದರೆ ಕೂರಿಸು. ನಾವು ‘ಕೂರು’ ಎಂಬುದಕ್ಕೆ ‘ಇಸು’ ಹಚ್ಚಿ ‘ಕೂರಿಸು’ ಎನ್ನುತ್ತೇವೆ. ಅವರು ಒಳಗಿನ ಸ್ವರವನ್ನು ಬದಲಾಯಿಸಿ ಅದೇ ಕೆಲಸವನ್ನು ಮಾಡಿಕೊಂಡರು. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಮರವನ್ನು ಬೀಳಿಸು. ‘ಲೈ’ ಎಂದರೆ ಮಲಗು, ‘ಲೇ’ ಎಂದರೆ ಮಲಗಿಸು. ಇದೇ ದಾರಿಯಲ್ಲಿ ಬಂದದ್ದು ‘ಸಿಟ್’ ಮತ್ತು ‘ಸೆಟ್’. ಇವುಗಳ ದೂರದ ನೆಂಟ ಸಂಸ್ಕೃತದ ‘ಸದ್’ ಎಂಬ ಧಾತು. ಸದನ, ಸಭಾಸದ, ಉಪನಿಷತ್ತು, ಪರಿಷತ್ತು – ಇವೆಲ್ಲ ಅದರ ಸಂತಾನ. 1915ರಲ್ಲಿ ಹುಟ್ಟಿದ ನಮ್ಮ ಸಾಹಿತ್ಯ ಪರಿಷತ್ತಿಗೂ ಇಂಗ್ಲಿಷಿನ ‘ಸೆಟ್’ ಎಂಬುದಕ್ಕೂ ಇಷ್ಟು ಸಂಬಂಧವುಂಟು. ಸುತ್ತಿ ಕುಳಿತರೆ ಪರಿಷತ್ತು, ಹತ್ತಿರ ಕುಳಿತರೆ ಉಪನಿಷತ್ತು.

ಈ ‘ಕೂರಿಸು’ ಎಂಬ ಬೀಗದ ಕೈ ಒಂದು ಸಿಕ್ಕಿದರೆ ಎಷ್ಟೋ ಬಾಗಿಲುಗಳು ತಾವಾಗಿ ತೆರೆಯುತ್ತವೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುತ್ತೇವೆ. ಭಾದ್ರಪದದಲ್ಲಿ ಗಣಪತಿಯನ್ನು ಕೂರಿಸುತ್ತೇವೆ. ಅಕ್ಕಸಾಲಿ ಉಂಗುರದಲ್ಲಿ ಹರಳು ಕೂರಿಸುತ್ತಾನೆ. ಕೋಳಿಯನ್ನು 21 ದಿನ ಕಾವಿಗೆ ಕೂರಿಸುತ್ತಾರೆ. ಇಂಗ್ಲಿಷಿನವನು ಕೂಡ ಹರಳನ್ನೂ ಕೋಳಿಯನ್ನೂ ‘ಸೆಟ್’ ಮಾಡುತ್ತಾನೆ. ಗಡಿಯಾರದ ಮುಳ್ಳನ್ನು ಸರಿಯಾದ ಗಂಟೆಗೆ ತಂದು ನಿಲ್ಲಿಸಿದರೆ ಅದೂ ಸೆಟ್. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸಿದರೆ ಸೆಟ್. ಊಟಕ್ಕೆ ತಟ್ಟೆ ಲೋಟಗಳನ್ನು ಇಟ್ಟು ಮೇಜನ್ನು ಅಣಿಮಾಡಿದರೆ ಸೆಟ್. ಬೇಟೆಗಾರ ಬಲೆ ಒಡ್ಡಿದರೆ, ಮೇಷ್ಟರು ಪ್ರಶ್ನಪತ್ರಿಕೆ ತಯಾರಿಸಿದರೆ, ಕವಿತೆಗೆ ಧಾಟಿ ಹೊಂದಿಸಿದರೆ ಎಲ್ಲಕ್ಕೂ ಸೆಟ್. ಯಾವುದನ್ನಾದರೂ ಅದರದರ ಜಾಗದಲ್ಲಿ ಕೂರಿಸುವುದು ಎಂಬ ಒಂದೇ ಭಾವ ಇವುಗಳಲ್ಲಿ ಹರಿದುಬಂದಿದೆ.

ಸೂರ್ಯನ ವಿಷಯ ಸ್ವಲ್ಪ ಸ್ವಾರಸ್ಯವಾದದ್ದು. ‘ಸನ್‌ಸೆಟ್’ ಎಂಬಲ್ಲಿ ಸೂರ್ಯನನ್ನು ಯಾರು ಎಲ್ಲಿ ಕೂರಿಸಿದರು? ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಾಂಗ್’ ಎಂಬ ಮಾತಿತ್ತು. ಪೀಠಕ್ಕೆ ಹೋಗುವುದು ಎಂದು ಅದರ ಅರ್ಥ. ದಿನವಿಡೀ ನಡೆದು ದಣಿದವನು ಸಂಜೆ ಹೋಗಿ ತನ್ನ ಆಸನದಲ್ಲಿ ಕುಳಿತ. ವೇದದ ಭಾಷೆಯಲ್ಲಿ ‘ಅಸ್ತ’ ಎಂದರೆ ಮನೆ. ಅಲ್ಲಿ ಸೂರ್ಯ ಸಂಜೆಯಾದರೆ ಮನೆಗೆ ಹೋಗುತ್ತಾನೆ. ನಮ್ಮ ಕನ್ನಡದಲ್ಲಿ ಅವನಿಗೆ ಪೀಠವೂ ಇಲ್ಲ, ಮನೆಯೂ ಇಲ್ಲ. ಅವನು ಮುಳುಗುತ್ತಾನೆ, ಇಲ್ಲವೆ ಕಂತುತ್ತಾನೆ. ಕಾರವಾರ, ಮಂಗಳೂರುಗಳ ಕಡಲ ಕರೆಯಲ್ಲಿ ನಿಂತವನಿಗೆ ಇದು ಅಲಂಕಾರವಲ್ಲ, ಕಣ್ಣಾರೆ ಕಂಡದ್ದು. ಇನ್ನೂ ಹಿಂದಕ್ಕೆ ಹೋದರೆ ‘ಪಡು’ ಎಂಬ ಮಾತು ಸಿಕ್ಕುತ್ತದೆ. ಬೀಳು, ಮಲಗು, ಮುಳುಗು ಎಂದೆಲ್ಲ ಅದರ ಅರ್ಥ. ಸೂರ್ಯ ‘ಪಡುವ’ ದಿಕ್ಕು ಪಡುವಣ. ಮೂಡುವ ದಿಕ್ಕು ಮೂಡಣ. ದಿಕ್ಕುಗಳಿಗೆ ಹೆಸರಿಡುವಾಗ ನಮ್ಮ ಹಿರಿಯರು ಪುಸ್ತಕವನ್ನು ನೋಡಲಿಲ್ಲ, ಆಕಾಶವನ್ನು ನೋಡಿದರು.

ಹಾಗಾದರೆ ಟೀ ಸೆಟ್, ಟೆನಿಸ್ಸಿನ ಸೆಟ್, ರೇಡಿಯೋ ಸೆಟ್ – ಇವುಗಳಲ್ಲಿ ಕೂರಿಸಿದ್ದು ಏನನ್ನು ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಇದು ಬೇರೆಯ ಮನೆತನ. ಲ್ಯಾಟಿನ್ನಿನಲ್ಲಿ ‘ಸೆಕ್ಟ’ ಎಂದರೆ ಒಬ್ಬನನ್ನು ಅನುಸರಿಸುವವರ ಗುಂಪು. ಇಂಗ್ಲಿಷಿನ ‘ಸೆಕ್ಟ್’, ಅಂದರೆ ಮತಪಂಥ, ಎಂಬುದೂ ಅದರಿಂದಲೇ ಬಂದದ್ದು. ಅದೇ ಮಾತು ಹಳೆಯ ಫ್ರೆಂಚಿನ ಮೂಲಕ ಇನ್ನೊಂದು ದಾರಿಯಲ್ಲಿ ಇಂಗ್ಲೆಂಡಿಗೆ ಬಂದು ‘ಸೆಟ್’ ಆಯಿತು. ಮೊದಲು ಜನರ ಗುಂಪು, ಆಮೇಲೆ ವಸ್ತುಗಳ ಗುಂಪು. ಹೀಗೆ ಬೇರೆ ಬೇರೆ ಊರಿನಿಂದ ಬಂದ ಎರಡು ಮಾತುಗಳು ಒಂದೇ ವೇಷ ಹಾಕಿಕೊಂಡು, ಕಾಲಕ್ರಮದಲ್ಲಿ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿ, ಈಗ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಕನ್ನಡಕ್ಕೆ ಮೊದಲು ಧಾರಾಳವಾಗಿ ಬಂದದ್ದು ಈ ಗುಂಪಿನ ‘ಸೆಟ್’. ಪಂಪು ಮತ್ತು ಮೋಟಾರು ಜೊತೆಯಾಗಿ ಬಂದದ್ದರಿಂದ ಪಂಪ್‌ಸೆಟ್ ಆಯಿತು. ಇಂದು ಅದು ನಮ್ಮ ಯಾವ ಹಳ್ಳಿಯಲ್ಲೂ ಪರಕೀಯವಲ್ಲ. ರೇಡಿಯೋ ಪೆಟ್ಟಿಗೆಯನ್ನು ಸೆಟ್ ಎಂದು ಕರೆದದ್ದೂ ಹೀಗೆಯೇ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದರು. ಬಿತ್ತರಿಸುವುದಕ್ಕೆ ‘ಆಕಾಶವಾಣಿ’ ಎಂಬ ಸೊಗಸಾದ ಹೆಸರು ದೊರೆಯಿತು. ಕೇಳುವ ಪೆಟ್ಟಿಗೆ ಮಾತ್ರ ಸೆಟ್ ಆಗಿಯೇ ಉಳಿಯಿತು. ಗಣಿತದವರು ಜಾಣರು. ಅವರು ಇದನ್ನು ‘ಗಣ’ ಎಂದು ಕರೆದು, ಶಾಲೆಯ ಮಕ್ಕಳಿಗೂ ಅದನ್ನೇ ಕಲಿಸಿದರು. ಹೋಟೆಲಿನವರು ಅವರಿಗಿಂತ ಜಾಣರು. ಸೆಟ್ ದೋಸೆ ‘ಒಂದು’ ಎಂದು ಕೂಗಿದರೆ ತಟ್ಟೆಯಲ್ಲಿ ಎರಡೋ ಮೂರೋ ಬರುತ್ತದೆ. ಅದನ್ನು ‘ಗಣ ದೋಸೆ’ ಎಂದು ಕರೆಯಬೇಕೆಂದು ಯಾರಾದರೂ ಹಟ ಹಿಡಿದರೆ ನಾನು ಅವರ ಪಕ್ಷವನ್ನು ಸೇರಲಾರೆ.

ಈ ಮಾತಿಗೆ ವ್ಯಾಕರಣದ ತಂಟೆಯೊಂದುಂಟು; ಅದನ್ನು ಹೇಳಿ ಮುಂದೆ ಹೋಗುತ್ತೇನೆ. ಇದರ ವರ್ತಮಾನ ರೂಪ ಸೆಟ್, ಭೂತ ರೂಪ ಸೆಟ್, ಕೃದಂತವೂ ಸೆಟ್. ‘ದೇ ಸೆಟ್ ದಿ ಟೇಬಲ್’ ಎಂದರೆ ಮೇಜನ್ನು ಅಣಿಮಾಡುತ್ತಾರೋ, ಆಗಲೇ ಮಾಡಿದರೋ ಆ ವಾಕ್ಯವೊಂದರಿಂದ ಗೊತ್ತಾಗುವುದಿಲ್ಲ. ಹಸಿವಾದವನಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಇಷ್ಟು ಹೊತ್ತು ನೋಡಿದ ಬಳಕೆಗಳಲ್ಲಿ ಬಹುಮಟ್ಟಿಗೆ ಕೂರಿಸುವವನೊಬ್ಬನಿದ್ದ. ಇನ್ನು ತಾವಾಗಿಯೇ ಸೆಟ್ ಆಗುವ ವಸ್ತುಗಳುಂಟು. ದ್ರವವಾಗಿದ್ದದ್ದು ಗಟ್ಟಿಯಾಗುತ್ತದೆ, ಸಡಿಲವಾಗಿದ್ದದ್ದು ಬಿಗಿಯಾಗುತ್ತದೆ. ಇಂಗ್ಲಿಷಿನವನಿಗೆ ಇಲ್ಲಿಯೂ ಸೆಟ್ ಒಂದೇ ಸಾಕು. ಕನ್ನಡ ಹಾಗಲ್ಲ, ಅದು ಪ್ರತಿಯೊಂದು ವಸ್ತುವಿನ ಬಳಿಗೆ ಹೋಗಿ, ನೀನು ಮಾಡುತ್ತಿರುವುದೇನು ಎಂದು ವಿಚಾರಿಸುತ್ತದೆ. ಹಾಲು ಹೆಪ್ಪುಗಟ್ಟುತ್ತದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಪಾಕ ಬಿಗಿಯಾಗುತ್ತದೆ. ಹೂವು ಉದುರಿ ಅದರ ಬುಡದಲ್ಲಿ ಪುಟ್ಟ ಕಾಯಿ ನಿಂತರೆ, ‘ಕಾಯಿ ಕಚ್ಚಿತು’ ಎನ್ನುತ್ತೇವೆ.

ಈ ಕೊನೆಯದನ್ನು ಸ್ವಲ್ಪ ಗಮನಿಸಿ. ಕೃಷಿಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ‘ಫ್ರೂಟ್ ಸೆಟ್’ ಎಂದು ಹೆಸರು. ಮಾವಿನ ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿರುತ್ತವೆ. ಕಡೆಗೆ ಹಣ್ಣಾಗುವವರೆಗೆ ನಿಲ್ಲುವುವು ಬೆರಳಿನಲ್ಲಿ ಎಣಿಸುವಷ್ಟು. ಗಾಳಿ, ಮಂಜು, ಜಿಗಿಹುಳು ಎಲ್ಲವೂ ಅದನ್ನು ಉದುರಿಸುವುದಕ್ಕೇ ಕಾದಿರುತ್ತವೆ. ಅಂಥದರಲ್ಲಿ ಒಂದು ಹರಳಿನಷ್ಟು ಕಾಯಿ ತೊಟ್ಟನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದೆ ಎಂಬ ಚಿತ್ರ ‘ಕಚ್ಚು’ ಎಂಬ ಎರಡಕ್ಷರದಲ್ಲಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರನ್ನು ಕೇಳಿ ನೋಡಿ: ಬೇಸಗೆಯಲ್ಲಿ ಒಂದು ಹೂಮಳೆ ಬಿದ್ದರೆ ಗಿಡ ಬೆಳ್ಳಗೆ ಅರಳುತ್ತದೆ, ಅದರ ಹಿಂದೆ ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಒಂದು ವರ್ಷದ ಸಾಲ, ಮಗಳ ಮದುವೆ, ಆಳುಗಳ ಕೂಲಿ ಎಲ್ಲವೂ ಆ ಕ್ರಿಯಾಪದವನ್ನು ನೆಚ್ಚಿಕೊಂಡು ನಿಂತಿರುತ್ತವೆ. ಇಂಥ ಮಾತನ್ನು ಬಿಟ್ಟು ಕೃಷಿಯ ಕರಪತ್ರವೊಂದು ‘ಫಲ ಸ್ಥಾಪನೆ’ ಎಂದೋ ‘ಹಣ್ಣಿನ ಸೆಟ್ಟಿಂಗ್’ ಎಂದೋ ಬರೆದರೆ, ಅದನ್ನು ಬರೆದವರು ನಿಘಂಟನ್ನು ನೋಡಿದ್ದಾರೆಯೆ ಹೊರತು ಮರವನ್ನು ನೋಡಿಲ್ಲವೆಂದೇ ಹೇಳಬೇಕು.

ಆದರೆ ಕನ್ನಡವೇ ಎಲ್ಲೆಡೆಯೂ ಗೆಲ್ಲುತ್ತದೆಂದು ಹೇಳಿದರೆ ಅದು ಅಭಿಮಾನದ ಮಾತಾದೀತು. ಸಿಮೆಂಟಿನ ವಿಷಯದಲ್ಲಿ ನಾವು ಸೋತಿದ್ದೇವೆ. ‘ತಾರಸಿ ಒಣಗಿತೆ?’ ಎಂದು ಮನೆ ಕಟ್ಟಿಸುವವರು ಕೇಳುತ್ತಾರೆ. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ. ಅದು ನೀರಿನೊಡನೆ ರಾಸಾಯನಿಕವಾಗಿ ಸೇರಿ ಗಟ್ಟಿಯಾಗುತ್ತದೆ. ನೀರಿನ ಅಡಿಯಲ್ಲಿಯೂ ಗಟ್ಟಿಯಾಗುತ್ತದೆ. ಇಲ್ಲದಿದ್ದರೆ ಹೊಳೆಯ ನಡುವೆ ಸೇತುವೆಯ ಕಂಬ ನಿಲ್ಲಿಸುವುದು ಹೇಗೆ? ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟು ನೀರು ಬೆರೆಸಿದ 30 ನಿಮಿಷಕ್ಕಿಂತ ಮೊದಲೇ ಬಿಗಿಯತೊಡಗಬಾರದು, 600 ನಿಮಿಷ ಮೀರಿಯೂ ಬಿಗಿಯದೆ ಉಳಿಯಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದಾದ ಮೇಲೂ ಕಡಮೆಯೆಂದರೆ 7 ದಿನ ಅದನ್ನು ಒದ್ದೆಯಾಗಿಯೇ ಇಡಬೇಕು. ‘ಒಣಗಲಿ ಬಿಡಿ’ ಎಂದು ಮೂರನೆಯ ದಿನಕ್ಕೆ ನೀರು ನಿಲ್ಲಿಸಿದವರ ತಾರಸಿ ಬಿರುಕುಬಿಡುವುದಕ್ಕೆ ‘ಒಣಗು’ ಎಂಬ ತಪ್ಪು ಮಾತೂ ಸ್ವಲ್ಪಮಟ್ಟಿಗೆ ಕಾರಣ. ಮೇಸ್ತ್ರಿ ‘ಸೆಟ್ ಆಯಿತು, ಇನ್ನು ನೀರು ಹಾಕಿ’ ಎನ್ನುತ್ತಾನಲ್ಲ, ಅವನ ಮಾತೇ ಸರಿ. ಈ ಸೆಟ್ಟನ್ನು ನಾನು ಸಂತೋಷದಿಂದ ಬರಮಾಡಿಕೊಳ್ಳುತ್ತೇನೆ.

ಇನ್ನು ಈ ಮಾತಿಗೆ ಬಾಲ ಹತ್ತಿದಾಗಿನ ಅವಾಂತರ. ಇನ್, ಔಟ್, ಅಪ್, ಆಫ್, ಅಸೈಡ್ ಎಂಬ ಬಾಲಗಳಲ್ಲಿ ಯಾವುದು ಹತ್ತಿದರೂ ಪ್ರಾಣಿಯೇ ಬೇರೆಯಾಗುತ್ತದೆ. ‘ಸೆಟ್ ಇನ್’ ಎಂಬುದು ಸುಲಭ. ಮುಂಗಾರು ಸೆಟ್ ಇನ್ ಆಯಿತು ಎಂದರೆ ನಮ್ಮ ಹಳ್ಳಿಯವರು ಹೇಳುವ ‘ಮಳೆ ಹಿಡಿಯಿತು’. ‘ಸೆಟ್ ಆಫ್’ ಎಂಬುದಕ್ಕೆ ಪಯಣ ಹೊರಡು ಎಂದು ಒಂದು ಅರ್ಥ, ಪಟಾಕಿ ಹಾರಿಸು ಎಂದು ಇನ್ನೊಂದು, ಕಪ್ಪು ಸೀರೆಗೆ ಮುತ್ತಿನ ಸರ ಕಳೆ ಕಟ್ಟುತ್ತದೆಂದು ಮತ್ತೊಂದು. ಲೆಕ್ಕ ಬರೆಯುವವರಿಗೆ ಅದು ಕೊಡುವುದನ್ನು ಬರುವುದರಲ್ಲಿ ವಜಾ ಹಾಕಿಕೊಳ್ಳುವುದು. ಅಪರಾಧ ನ್ಯಾಯದಲ್ಲಿ, ತೀರ್ಪಿಗೆ ಮುಂಚೆ ಸೆರೆಯಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಲ್ಲಿ ಕಳೆಯುವುದಕ್ಕೂ ಇದೇ ಹೆಸರು. ಆರು ತಿಂಗಳು ಒಳಗಿದ್ದವನಿಗೆ ಪಟಾಕಿಯ ಅರ್ಥದಿಂದ ಏನು ಪ್ರಯೋಜನ?

‘ಸೆಟ್ ಅಸೈಡ್’ ಎಂಬುದು ಎಲ್ಲಕ್ಕಿಂತ ಅಪಾಯದ್ದು. ಹಣವನ್ನು ಸೆಟ್ ಅಸೈಡ್ ಮಾಡಿದೆ ಎಂದರೆ ಜೋಪಾನವಾಗಿ ತೆಗೆದಿರಿಸಿದೆ ಎಂದು ಅರ್ಥ. ಕೋರ್ಟು ತೀರ್ಪನ್ನು ಸೆಟ್ ಅಸೈಡ್ ಮಾಡಿತು ಎಂದರೆ ಅದನ್ನು ರದ್ದುಮಾಡಿತು ಎಂದು ಅರ್ಥ. ಒಂದು ಕಡೆ ಕಾಪಾಡುವುದು, ಇನ್ನೊಂದು ಕಡೆ ತೊಡೆದುಹಾಕುವುದು! ಇದರ ಮೇಲೆ, ವಾದವೆಲ್ಲ ಮುಗಿದು ತೀರ್ಪನ್ನು ಇನ್ನೊಂದು ದಿನ ಹೇಳುತ್ತೇವೆಂದು ನ್ಯಾಯಾಧೀಶರು ಎದ್ದರೆ, ಆಗ ತೀರ್ಪು ‘ರಿಸರ್ವ್’ ಆಯಿತು ಎನ್ನುತ್ತಾರೆ. ಕನ್ನಡ ಪತ್ರಿಕೆಗಳಲ್ಲಿ ‘ಕಾಯ್ದಿರಿಸಿತು’ ಎಂದು ಬರುವುದು ಇದಕ್ಕೆ. ನಮ್ಮಲ್ಲಿ ಕೆಳಗಿನ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ. ಸಂವಿಧಾನದ 348ನೆಯ ಅನುಚ್ಛೇದದ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷ್. ಜಮೀನಿನ ದಾವೆಯಲ್ಲಿ ಕೆಳಗೆ ಗೆದ್ದ ರೈತನೊಬ್ಬನನ್ನು ಊಹಿಸಿಕೊಳ್ಳಿ. ಮೇಲಿನಿಂದ ಇಂಗ್ಲಿಷಿನಲ್ಲಿ ಆಜ್ಞೆ ಬರುತ್ತದೆ. ಮನೆಯ ಹುಡುಗ ಕೈನಿಘಂಟನ್ನು ಬಿಡಿಸಿ, ಅಲ್ಲಿ ಮೊದಲು ಕಂಡ ಅರ್ಥವನ್ನು ಹಿಡಿದು, ‘ನಿಮ್ಮ ತೀರ್ಪನ್ನು ತೆಗೆದಿರಿಸಿದ್ದಾರೆ’ ಎಂದು ಓದಿ ಹೇಳುತ್ತಾನೆ. ತೆಗೆದಿರಿಸಿದ್ದಾರೆಂದರೆ ಭದ್ರವಾಗಿದೆ ಎಂದುಕೊಂಡು ರೈತ ಉಳುಮೆಗೆ ಹೋಗುತ್ತಾನೆ. ಇತ್ತ ಮುಂದಿನ ಕೋರ್ಟಿಗೆ ಹೋಗಲು ಗೊತ್ತಾದ ದಿನಗಳು ಒಂದೊಂದಾಗಿ ಕಳೆಯುತ್ತವೆ. ಇದರಂತೆಯೇ, ಸಮನ್ಸು ಸೇರಿಯೂ ಹಾಜರಾಗದೆ ಏಕಪಕ್ಷೀಯ ಡಿಕ್ರಿಗೆ ಗುರಿಯಾದವನು ಅದನ್ನು ಸೆಟ್ ಅಸೈಡ್ ಮಾಡಿಸಬೇಕಾದರೆ ಅವನಿಗಿರುವುದು ಡಿಕ್ರಿಯಾದಂದಿನಿಂದ 30 ದಿನ. ಅಷ್ಟರಲ್ಲಿ ಈ ಎರಡು ಮಾತಿನ ಅರ್ಥ ಅವನಿಗೆ ತಿಳಿದಿರಬೇಕು.

ಆದುದರಿಂದ ಮಕ್ಕಳಿಗೆ ‘ಸೆಟ್ ಎಂದರೆ ಇಡು’ ಎಂದು ಬಾಯಿಪಾಠ ಮಾಡಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಈ ಮಾತಿಗೆ ಒಂಟಿಯಾಗಿ ಅರ್ಥವೇ ಇಲ್ಲವೆಂದರೂ ಸಲ್ಲುತ್ತದೆ. ಸೂರ್ಯನ ಜೊತೆಗೆ ಬಂದಿತೆ, ಮೂಳೆಯ ಜೊತೆಗೆ ಬಂದಿತೆ, ತೀರ್ಪಿನ ಜೊತೆಗೆ ಬಂದಿತೆ ಎಂದು ಮೊದಲು ನೋಡಬೇಕು. ಜೊತೆಗಾರನನ್ನು ಕಂಡಮೇಲೆ ಇವನ ಗುರುತು ಹಿಡಿಯುವುದು.

ಇಂಗ್ಲಿಷಿನದು ವಿಚಿತ್ರವೆಂದು ನಗುವ ಮುಂಚೆ ನಮ್ಮ ‘ಕಟ್ಟು’ ಎಂಬುದನ್ನು ಪರದೇಶಿಯೊಬ್ಬನ ಕಣ್ಣಿನಿಂದ ನೋಡಿ. ಮನೆ ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ, ಕಥೆ ಕಟ್ಟುತ್ತೇವೆ. ಮೋಡ ಕಟ್ಟುತ್ತದೆ, ನೆಗಡಿಯಾದರೆ ಮೂಗು ಕಟ್ಟುತ್ತದೆ. ಕಂಡ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಮೂಳೆ ಮುರಿದರೆ ಕಟ್ಟು ಹಾಕಿಸುತ್ತೇವೆ. ಆಂಧ್ರದ ಪುತ್ತೂರಿನ ಹೆಸರಿನಲ್ಲಿ ‘ಪುತ್ತೂರು ಕಟ್ಟು’ ಎಂಬ ಫಲಕಗಳು ಬೆಂಗಳೂರಿನಲ್ಲಿಯೂ ಇವೆ. ಬೇಳೆ ಬೇಯಿಸಿದ ನೀರು ಕೂಡ ಕಟ್ಟು. ಅದರಿಂದ ಕಟ್ಟಿನ ಸಾರು. ತಾಳಿಗೂ ಸಾರಿಗೂ ನಡುವೆ ಏನು ಸಂಬಂಧವೆಂದು ಪಾಪ ಆ ಪರದೇಶಿ ಎಲ್ಲಿ ಹುಡುಕಬೇಕು! ಮುಂಗಾರು ‘ಹಿಡಿಯಿತು’ ಎಂದೆವಲ್ಲ, ಕಬ್ಬಿಣಕ್ಕೆ ತುಕ್ಕೂ ‘ಹಿಡಿಯುತ್ತದೆ’, ಮನುಷ್ಯನಿಗೆ ಹುಚ್ಚೂ ‘ಹಿಡಿಯುತ್ತದೆ’. ನಾವು ಇವನ್ನು ನಿಘಂಟಿನಿಂದ ಕಲಿಯಲಿಲ್ಲ. ಅಡಿಗೆಮನೆಯಲ್ಲಿ, ಜಗಲಿಯಲ್ಲಿ, ಬೈಗುಳದಲ್ಲಿ ಜೊತೆಗಾರರ ಸಮೇತ ಕಲಿತೆವು. ಅದರಿಂದ ನಮಗೆ ಕಷ್ಟವೆನಿಸಲಿಲ್ಲ.

ಈಚೆಗೆ ನಮ್ಮ ತರುಣರ ಬಾಯಲ್ಲಿ ‘ಸೆಟ್’ ಹೊಸದೊಂದು ಹುಟ್ಟು ಪಡೆದಿದೆ. ‘ಆ ಕೆಲಸ ನನಗೆ ಸೆಟ್ ಆಗಲಿಲ್ಲ’, ‘ಅವರಿಬ್ಬರಿಗೂ ಸೆಟ್ ಆಗುವುದಿಲ್ಲ’, ‘ಈ ಅಂಗಿ ನಿನಗೆ ಸೆಟ್ ಆಗುತ್ತದೆ’. ಒಗ್ಗು, ಹೊಂದು, ಒಪ್ಪು ಎಂಬ ಮೂರು ಒಳ್ಳೆಯ ಮಾತುಗಳ ಕೆಲಸವನ್ನು ಇದೊಂದೇ ಕಿತ್ತುಕೊಂಡಿದೆಯೆಂದು ಹಿರಿಯರು ಕೊರಗುತ್ತಾರೆ. ಕೊರಗಿಗೆ ಕಾರಣವಿಲ್ಲದೆಯೂ ಇಲ್ಲ. ನೀರು ‘ಒಗ್ಗಲಿಲ್ಲ’ ಎಂಬುದರಲ್ಲಿ ಮೈಯ ಮಾತಿದೆ. ಜಾತಕ ‘ಹೊಂದಲಿಲ್ಲ’ ಎಂಬುದರಲ್ಲಿ ಲೆಕ್ಕದ ಮಾತಿದೆ. ಬಣ್ಣ ‘ಒಪ್ಪುತ್ತದೆ’ ಎಂಬುದರಲ್ಲಿ ಕಣ್ಣಿನ ಮಾತಿದೆ. ಸೆಟ್ಟಿನಲ್ಲಿ ಇವು ಮೂರೂ ಕಲಸಿಹೋಗುತ್ತವೆ. ಆದರೂ ಒಂದು ತಮಾಷೆಯನ್ನು ಹೇಳದೆ ಇರಲಾರೆ. ‘ಆ ಕೆಲಸ ನನಗೆ ಸೆಟ್ ಆಗಲಿಲ್ಲ’ ಎಂಬುದನ್ನು ಮಾತಿಗೆ ಮಾತಾಗಿ ಇಂಗ್ಲಿಷಿಗೆ ತಿರುಗಿಸಿ ಹೇಳಿದರೆ ಇಂದಿನ ಇಂಗ್ಲಿಷಿನವನು ಕಣ್ಣು ಕಣ್ಣು ಬಿಡುತ್ತಾನೆ. ಅದು ನಮ್ಮ ಸ್ವಂತ ತಯಾರಿಕೆ. ಅಂಗಿಯ ಮಾತು ಮಾತ್ರ ಹಾಗಲ್ಲ. ಹಿಂದೆ ಇಂಗ್ಲೆಂಡಿನಲ್ಲಿಯೂ ಕೋಟು ಮೈಮೇಲೆ ಸರಿಯಾಗಿ ಕೂತರೆ ಅದು ಚೆನ್ನಾಗಿ ‘ಸೆಟ್’ ಆಗುತ್ತದೆ ಎನ್ನುವುದುಂಟಾಗಿತ್ತು. ಅಲ್ಲಿಯವರು ಮೂಲೆಗೆ ಸೇರಿಸಿದ ಆ ಪ್ರಯೋಗ ನಮ್ಮ ಬಟ್ಟೆಯಂಗಡಿಗಳಲ್ಲಿ ಈಗ ದಿನವೂ ಕೇಳಿಬರುತ್ತಿದೆ.